ಯಾರ ಕೈಗೆ ವೀಳ್ಯ

"ಗುರುಗಳೇ, ಎರಡು ರಾಜ್ಯಗಳ ಯುದ್ಧ ನಿಲ್ಲಿಸುವ ಪತ್ರದಲ್ಲಿ ಹೆಂಗಸರ ಮೇಲಾದ ಅನ್ಯಾಯಕ್ಕೆ ಜಾಗವೇಕೆ? ಅದನ್ನು ಆಮೇಲೆ ಅವರವರ ಊರಿನಲ್ಲೇ ನೋಡಿಕೊಂಡರೆ ಆಗದೇ?"

ಕೇಳಿದವನು ಶಿಷ್ಯ ಕೇತಪ್ಪ. ಎರಡು ರಾಜ್ಯಗಳ ನಡುವೆ ಸಂಧಿ ಮಾಡಿಸಲು ಅವನನ್ನು ನೇಮಿಸಿದ್ದರು. ಮರುದಿನ ಬೆಳಿಗ್ಗೆ ಹೊರಡಬೇಕಿತ್ತು. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಇಬ್ಬರು ಪಾಳೆಯಗಾರರಿದ್ದರು. ಇಬ್ಬರ ಗಡಿಯಲ್ಲಿ ಒಂದು ಕೆರೆ. ಕೆರೆ ಯಾರದೆಂದು ಏಳು ವರ್ಷ ಹೊಡೆದಾಡಿದರು. ಕೊನೆಗೆ ಇಬ್ಬರಿಗೂ ಸಾಕೋಸಾಕಾಗಿ, ಎರಡು ಕಡೆಗೂ ಬೇಕಾದ ಒಬ್ಬ ಮಧ್ಯಸ್ಥನನ್ನು ಕರೆಸಿದರು. ಮಧ್ಯಸ್ಥ ಒಳ್ಳೆಯವನು. ಪಕ್ಷಪಾತ ಅವನ ಹತ್ತಿರ ಸುಳಿಯುತ್ತಿರಲಿಲ್ಲ. ತಾನು ಒಳ್ಳೆಯವನೆಂಬುದು ಅವನಿಗೂ ಗೊತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ.

ಆ ಸೀಮೆಯಲ್ಲಿ ಒಂದು ಪದ್ಧತಿ. ತಪ್ಪು ಮಾಡಿದವನು ತುಂಬಿದ ಸಭೆಯಲ್ಲಿ ವೀಳ್ಯ ಹಿಡಿದು ನಿಲ್ಲಬೇಕು. ನೊಂದವರು ತಾವೇ ಬಂದು ಅದನ್ನು ತೆಗೆದುಕೊಂಡರೆ ತಪ್ಪು ಮನ್ನಾ. ತೆಗೆದುಕೊಳ್ಳದಿದ್ದರೆ ಅವನು ಇನ್ನು ಆಯುಧ ಹಿಡಿಯುವಂತಿಲ್ಲ, ಕಾವಲಿಗೆ ನಿಲ್ಲುವಂತಿಲ್ಲ. ಮಧ್ಯಸ್ಥ ಮೂರು ದಿನ ಸಭೆ ನಡೆಸಿದ. ಎತ್ತು ಕಳೆದುಕೊಂಡವನು ಬಂದು ವೀಳ್ಯ ತೆಗೆದುಕೊಂಡ. ಬಣವೆ ಸುಟ್ಟುಹೋದವನು ಬಂದು ತೆಗೆದುಕೊಂಡ. ಸತ್ತವರ ಪರವಾಗಿ ಮಕ್ಕಳು ಬಂದರು. ಹೆಂಗಸರ ಸರದಿ ಬಂದಾಗ ಎಲ್ಲರೂ ನೆಲ ನೋಡಿದರು. ಮಾನವಂತರ ಮನೆಯ ಹೆಣ್ಣುಮಕ್ಕಳನ್ನು ಸಭೆಗೆ ಎಳೆಯುವುದು ಬೇಡ ಎಂದು ಹಿರಿಯರೇ ತೀರ್ಮಾನಿಸಿದರು. ಅವರ ಪರವಾಗಿ ಗಂಡ, ಅಪ್ಪ, ಅಣ್ಣಂದಿರು ವೀಳ್ಯ ತೆಗೆದುಕೊಂಡರು. ಮಧ್ಯಸ್ಥನಿಗೆ ಅದು ದೊಡ್ಡತನವಾಗಿಯೇ ಕಂಡಿತು. ಎಲ್ಲರ ತಪ್ಪೂ ಮನ್ನಾ ಆಯಿತೆಂದು ಪತ್ರ ಬರೆಸಿ, ಎರಡೂ ಕಡೆಯ ಗಟ್ಟಿ ಆಳುಗಳನ್ನು ಆರಿಸಿ ಕೆರೆಯ ಕಾವಲಿಗೆ ಹಾಕಿ, ತನ್ನ ಊರಿಗೆ ಹೋದ.

ವರ್ಷದ ಮೇಲೆ ನೋಡಲು ಬಂದ. ನಾಲ್ಕು ಒಳ್ಳೆಯ ಮಾತು ಕೇಳಿಸಿಕೊಳ್ಳುವ ಆಸೆಯೂ ಇತ್ತೆನ್ನಿ. ಗಡಿಯಲ್ಲಿ ಒಂದು ತಲೆಯೂ ಉರುಳಿರಲಿಲ್ಲ. ಗದ್ದೆಗಳಲ್ಲಿ ಪೈರು ನಿಂತಿತ್ತು. ಆದರೆ ಹೆಂಗಸರು ನೀರಿಗೆ ಹೋಗುವಾಗ ಹತ್ತು ಹತ್ತು ಮಂದಿ ಗುಂಪಾಗಿ ಹೋಗುತ್ತಿದ್ದರು. ಕುಡುಗೋಲು ಹಿಡಿದವಳೊಬ್ಬಳು ಮುಂದೆ, ಇನ್ನೊಬ್ಬಳು ಹಿಂದೆ. ಯುದ್ಧದ ಕಾಲದಲ್ಲಿ ಹೋಗುತ್ತಿದ್ದದ್ದೂ ಹೀಗೆಯೇ.

ಮಧ್ಯಸ್ಥನಿಗೆ ತಲೆಬುಡ ತಿಳಿಯಲಿಲ್ಲ. ಸುದ್ದಿ ಇವರಿಗೆ ಮುಟ್ಟಿಲ್ಲವೇನೋ ಎಂದುಕೊಂಡ. ಡಂಗುರದವನನ್ನು ಕರೆಸಿ, ಯುದ್ಧ ಮುಗಿಯಿತೆಂದು ಕೆರೆಯ ಮೆಟ್ಟಿಲ ಮೇಲೆಯೇ ಮೂರು ದಿನ ಸಾರಿಸಿದ. ಹೆಂಗಸರು ನಿಂತು ಕೇಳಿದರು, ಕೊಡ ತುಂಬಿಕೊಂಡರು, ಹತ್ತು ಮಂದಿಯಾಗಿಯೇ ಹಿಂದಿರುಗಿದರು. ಹಿರಿಯರನ್ನು ವಿಚಾರಿಸಿದ. ಹೆಂಗಸರಿಗೆ ಹರಟೆಗೆ ಜೊತೆ ಬೇಕು ಎಂದು ಅವರು ನಕ್ಕರು. ಹರಟೆಗೆ ಕುಡುಗೋಲು ಏಕೆಂದು ಅವನಿಗೆ ಅರ್ಥವಾಗಲಿಲ್ಲ. ಆಚೆ ದಡದವರ ಭಯವಿರಬೇಕೆಂದು ಕಾವಲನ್ನು ಎರಡರಷ್ಟು ಮಾಡಿಸಿದ. ಮರುದಿನದಿಂದ ಹೆಂಗಸರು ಇಪ್ಪತ್ತು ಮಂದಿಯಾಗಿ ಬಂದರು. ಪತ್ರ ತೆಗೆದು ಮತ್ತೆ ಮತ್ತೆ ಓದಿದ, ಒಂದಕ್ಷರವೂ ತಪ್ಪಿರಲಿಲ್ಲ. ಪಾಪ, ಗಡ್ಡ ಕೆರೆದುಕೊಳ್ಳುತ್ತಾ ಏರಿಯ ಮೇಲೆ ಕುಳಿತ. ಹೆಂಗಸರನ್ನೇ ಕೇಳಬಹುದೆಂದು ಅವನಿಗೆ ಹೊಳೆದದ್ದು ಹತ್ತನೆಯ ದಿನ.

ಕುಡುಗೋಲು ಹಿಡಿದು ಮುಂದೆ ಬರುತ್ತಿದ್ದವಳನ್ನು ನಿಲ್ಲಿಸಿದ. "ತಾಯಿ, ಯುದ್ಧ ಮುಗಿದು ವರ್ಷವಾಯಿತು. ಇನ್ನೂ ಯಾರಿಗೆ ಹೆದರುತ್ತೀರಿ?"

"ಆ ತೂಬಿನ ಹತ್ರ ಈಟಿ ಹಿಡ್ಕೊಂಡು ನಿಂತವ್ನಲ್ಲ, ಅವ್ನಿಗೆ," ಎಂದಳು ಅವಳು. "ಜಗಳದ ಕಾಲದಾಗೆ ನನ್ನನ್ನ ಹೊಲದಿಂದ ಎಳ್ಕೊಂಡು ಹೋಗಿ ಮೂರು ದಿನ ಕೂಡಿಹಾಕಿದ್ದೋನು ಅವನೇ. ಈಗ ನೀವೇ ಕಾವಲಿಗೆ ಹಾಕಿದೀರಿ. ದಿನಾ ಅವನ ಕಣ್ಮುಂದೆ ಬಗ್ಗಿ ನೀರು ತುಂಬ್ಕೋಬೇಕು ನಾನು."

"ಅವನ ವೀಳ್ಯ ತೆಗೆದುಕೊಂಡಾಗಿದೆಯಲ್ಲ, ತಾಯಿ?"

"ತಗೊಂಡೋನು ನಮ್ಮಣ್ಣ. ಎತ್ತು ಕಳ್ಕೊಂಡೋನನ್ನ ಕರೆಸಿ ಕೇಳಿದ್ರಿ. ನನ್ನನ್ನ ಕೇಳ್ಲಿಲ್ಲ."

ಮಧ್ಯಸ್ಥನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಗೊಂದಲವಾಯಿತು. ಈಗ ಅವಳನ್ನು ಕೇಳಿದರೆ ಯುದ್ಧ ಮತ್ತೆ ಶುರುವಾಗಬಹುದು, ಎಷ್ಟೋ ಮನೆ ಉರಿಯಬಹುದು. ಕೇಳದೇ ಹೋದರೆ ತಾನು ಮಾಡಿಸಿದ್ದಕ್ಕೆ ಯಾವ ಹೆಸರು ಕೊಡುವುದು? ಎರಡು ದಿನ ಅವನಿಗೆ ಅನ್ನ ರುಚಿಸಲಿಲ್ಲ. ಮೂರನೆಯ ದಿನ ಸಭೆ ಕರೆದ. ತೂಬಿನ ಕಾವಲಿನವನ ಕೈಗೆ ವೀಳ್ಯ ಕೊಟ್ಟು ನಿಲ್ಲಿಸಿದ. ಆ ಹೆಂಗಸಿಗೆ ಹೇಳಿಕಳಿಸಿದ.

ಅವಳು ಸಭೆಗೆ ಬಂದದ್ದೇ ತಡ, ಪಾಳೆಯಗಾರರಿಬ್ಬರೂ ಎದ್ದು ನಿಂತರು. ಏಳು ವರ್ಷ ಒಂದೇ ಒಂದು ಮಾತಿಗೆ ಒಪ್ಪದಿದ್ದವರು ಈಗ ಒಂದೇ ದನಿಯಲ್ಲಿ ಹೇಳಿದರು: "ಇವಳನ್ನು ಕೇಳಿದರೆ ಉಳಿದವರನ್ನೂ ಕೇಳಬೇಕಾಗುತ್ತದೆ. ಅರ್ಧ ಕಾವಲು ಹೋಗುತ್ತದೆ. ಶಾಂತಿ ಮುರಿಯುತ್ತದೆ."

ಮಧ್ಯಸ್ಥ ಅವರನ್ನು ನೋಡಿದ, ಅವಳನ್ನು ನೋಡಿದ. ಯಾವುದು ಸರಿಯೆಂದು ಆ ಗಳಿಗೆಯಲ್ಲೂ ಅವನಿಗೆ ಖಚಿತವಿರಲಿಲ್ಲ. ಆದರೂ ಕೇಳಿಯೇಬಿಟ್ಟ.

ಅವಳು ನಡೆದು ಬಂದು ವೀಳ್ಯದ ಮುಂದೆ ನಿಂತಳು. ಕೈ ಚಾಚಲಿಲ್ಲ. "ತಗೊಳ್ಳಲ್ಲ," ಎಂದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಕೇತಪ್ಪ ತಡೆಯಲಾರದೆ ಕೇಳಿದ:

"ಆಮೇಲೆ ಶಾಂತಿ ಉಳಿಯಿತೇ, ಮುರಿಯಿತೇ, ಗುರುಗಳೇ?"

"ಮರುದಿನ ಅವಳು ಒಬ್ಬಳೇ ನೀರಿಗೆ ಹೋದಳೇ ಎಂದು ನೀನು ಕೇಳಲಿಲ್ಲ," ಎಂದರು ಗುರುಗಳು.