ಮಾವ ಹೆಸರಿಡಲಾಗದ ಉಡುಗೊರೆ

ಹರಿಹರದ ಬಸ್ ಕಂಡಕ್ಟರ್ ಕರಿಬಸಪ್ಪನ ಮಾವ ಹಾಲಪ್ಪನವರು ಶಿರಸ್ತೇದಾರಿಕೆಯಿಂದ ನಿವೃತ್ತರಾಗಿದ್ದರು, ತಪ್ಪು ಹುಡುಕುವುದರಿಂದ ಆಗಿರಲಿಲ್ಲ. ಪ್ರತಿ ದೀಪಾವಳಿಗೂ ಅಳಿಯ ಉಡುಗೊರೆ ತರಬೇಕು, ಮಾವ ನೆಂಟರೆದುರು ಅದಕ್ಕೆ ಹೆಸರಿಡಬೇಕು. ಶಾಲು ಒರಟು, ಕೊಡೆ ಮೋಟು, ಪಂಚೆಯ ಅಂಚು ಅಗಲ. ಅತ್ತೆಗೆ ತಂದ ಸೀರೆಗೂ ಅವರದೇ ತೀರ್ಪು. ಕರಿಬಸಪ್ಪನ ಹೆಂಡತಿ ಸುಮಿತ್ರ ತವರಿನ ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಈ ಸಲ ಮಾವ ಮೊದಲೇ ಫೋನ್ ಮಾಡಿ ಗುಡುಗಿದರು: “ನಾನು ಒಂದು ಕೊರತೇನೂ ಹೇಳೋಕಾಗದಂಥದ್ದು ತರೋದಾದ್ರೆ ಬಾ. ಇಲ್ಲಾಂದ್ರೆ ಬರಬೇಡ.”

“ಹೋಗೋದೇ ಬೇಡ ಬಿಡ್ರಿ,” ಎಂದಳು ಸುಮಿತ್ರ.

“ಯಾಕೆ? ಹೋಗೇ ಹೋಗೋಣ,” ಎಂದ ಕರಿಬಸಪ್ಪ.

ಹಬ್ಬದ ದಿನ ನೆಂಟರೆಲ್ಲ ಸೇರಿದ್ದರು. ಅಳಿಯ ಒಂದು ದೊಡ್ಡ ಪೊಟ್ಟಣ ಮುಂದಿಟ್ಟ. ಮಾವ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಕಾಗದ ಹರಿದರು. ಒಳಗಿದ್ದದ್ದು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ ಅವರದೇ ಫೋಟೊ.

“ಹೇಳಿ ಮಾವ, ಎಲ್ಲಿದೆ ಕೊರತೆ? ಮೂಗಲ್ಲೋ, ಮೀಸೇಲೋ?”

ಮಾವ ಫೋಟೊವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ನೆಂಟರು ನಗು ತಡೆಯಲು ತುಟಿ ಕಚ್ಚಿಕೊಂಡರು. ಕೊನೆಗೆ ಮಾವ, “ಚೆನ್ನಾಗೇ ಇದೆ,” ಎಂದು ಗೊಣಗಿದರು.

“ಅತ್ತೆಯ ಉಡುಗೊರೆ ಹೇಗಿದೆ ಅಂತ ಅತ್ತೇನೇ ಹೇಳಲಿ,” ಎಂದು ಕರಿಬಸಪ್ಪ ಸೀರೆಯನ್ನು ಅತ್ತೆಯ ಕೈಗಿತ್ತ.

ನೋಡಲು ಮಾವ ಕೈ ಚಾಚಿದರು. ಅತ್ತೆ ಸೀರೆಯನ್ನು ಎದೆಗವಚಿಕೊಂಡು ಎದ್ದರು.

“ನೀವು ನಿಮ್ಮ ಫೋಟೊ ನೋಡ್ಕೊಂಡು ಕೂತಿರಿ. ನಾನು ಉಟ್ಕೊಂಡು ಬರ್ತೀನಿ.”