ಬೋರಲುಗೊಡದ ದಿಬ್ಬ

ದುರ್ಗದ ಸೀಮೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಬಯಲುದಾರಿಯಲ್ಲಿ, ಜಾಲಿಯ ನಡುವೆ ಒಂದು ಬೋಳು ದಿಬ್ಬವಿದೆ. ಅದರ ಬುಡದಲ್ಲಿ ಕಲ್ಲು ಕಟ್ಟಿದ ಬಾವಿ, ಪಕ್ಕದಲ್ಲಿ ಚಹದಂಗಡಿ. ಲಾರಿಯವರು ನಿಂತು ಮುಖ ತೊಳೆದು ಹೋಗುತ್ತಾರೆ. ಹೆಸರು ಬೋರಲುಗೊಡದ ದಿಬ್ಬ. ದೊರೆಗಳ ಹೆಸರು ಹೊತ್ತ ಊರುಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಈ ದಿಬ್ಬಕ್ಕೆ ಮಾತ್ರ ನೀರು ಹೊಯ್ಯುವ ಹೆಂಗಸೊಬ್ಬಳಿಂದ ಹೆಸರು ಬಂತು ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಗಾರರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ಕಾಲದಲ್ಲಿ, ಗಾದ್ರವ್ವ ಎಂಬ ವಿಧವೆ ಇಲ್ಲಿ ಅರವಟ್ಟಿಗೆ ನಡೆಸುತ್ತಿದ್ದಳು. ಅವಳ ಆಯುಸ್ಸಿನಲ್ಲೇ ಈ ನೆಲಕ್ಕೆ ಮೂವರು ಒಡೆಯರಾದರು. ಸುಂಕದ ಕಟ್ಟೆಯ ಬಾವುಟ ಬದಲಾಗುತ್ತಿತ್ತು. ಗಾದ್ರವ್ವನ ಕೊಡಗಳು ಇದ್ದಲ್ಲೇ ಇದ್ದವು. ಮೊದಲು ತನ್ನ ಬೊಗಸೆಗೆ ಹೊಯ್ದುಕೊಂಡು ಒಂದು ಗುಟುಕು ಕುಡಿದು, ಆಮೇಲೆ ದಾರಿಹೋಕರಿಗೆ ಹೊಯ್ಯುವುದು ಅರವಟ್ಟಿಗೆಯ ಕಟ್ಟಳೆ. ಆ ಒಂದು ಗುಟುಕಿನ ನಂಬಿಕೆಯ ಮೇಲೆ ಉಪ್ಪು, ಹತ್ತಿ ಹೊತ್ತ ಎತ್ತುಗಳ ಸಾಲು ಈ ಸುಡುಬಯಲನ್ನು ದಾಟುತ್ತಿತ್ತು. ಒಂದು ಬೇಸಿಗೆಯಲ್ಲಿ ಮೂಡಲಿಂದ ವೈರಿಯ ದಂಡು ಬರುತ್ತಿದೆಯೆಂಬ ಸುದ್ದಿ ಬಂತು. ಪಾಳೆಗಾರನ ದಳವಾಯಿ ಕಳ್ಳಿ ಕೊಚ್ಚಿಸಿ ಬಾವಿಗೆ ಹಾಕಿಸಿದ; ಆ ವಿಷದ ನೀರನ್ನೇ ಅವಳ ಕೊಡಗಳಿಗೂ ತುಂಬಿಸಿದ.

“ದಂಡು ಬಂದಾಗ ಎಂದಿನಂಗೆ ಕೂತು ಹೊಯ್ಯಿ, ಮುದುಕಿ. ನಾವು ದಿಬ್ಬದ ಮೇಲೆ ಅಡಗಿರ್ತೀವಿ.”

“ಅಲ್ಲ ಸಾಮಿ, ನಿಮ್ಮ ಜಗಳ ನಾಳೆ ಮುಗೀತದೆ. ದಾರಿ ಇಲ್ಲೇ ಬಿದ್ದಿರ್ತದೆ. ಈ ನೀರು ಕುಡಿದು ಸತ್ತರು ಅಂತ ಒಂದು ಸಲ ಮಾತು ಹುಟ್ಟಿದರೆ ಯಾವ ಎತ್ತು ಈ ಕಡೆ ಮೂತಿ ಹಾಕ್ತದೆ? ಆಮೇಲೆ ಸುಂಕದ ಕಟ್ಟೇಲಿ ನೊಣ ಹೊಡೀತಾ ಕೂರ್ತೀರಾ?”

“ಪೇಟೆ ಶೆಟ್ಟಿ ಮಾತಾಡಿದಂಗಾಯ್ತು!” ದಳವಾಯಿ ನಕ್ಕ. ಮರುಕ್ಷಣ ಕತ್ತಿಯ ಹಿಡಿ ಮುಟ್ಟಿ, “ಹೊಯ್ಯದಿದ್ರೆ ತಲೆ ಇರಲ್ಲ” ಎಂದ.

ದಂಡಿಗಿಂತ ಮುಂಚೆ ಬಂದವರು ಅದರ ದವಸ ಹೊತ್ತ ಲಂಬಾಣಿಗರು; ಜೊತೆಗೆ ಹೆಂಗಸರು, ಕಂಕುಳಲ್ಲಿ ಕೂಸುಗಳು. ಗಾದ್ರವ್ವ ದಿಬ್ಬದ ಕಡೆ ನೋಡಿದಳು. ಕೂಗಿ ಎಚ್ಚರಿಸಿದರೆ ಮೇಲಿನಿಂದ ಬಾಣಗಳು ಇವರ ಮೇಲೇ ಬೀಳುತ್ತವೆ. ಅವಳು ಮೆಲ್ಲನೆ ಎದ್ದು, ಮೇಲಿನವರಿಗೆ ಕೊಡ ತೊಳೆಯುತ್ತಿರುವಂತೆ ಕಾಣುವ ಹಾಗೆ ಕೊಡಗಳನ್ನು ಚೆಲ್ಲಿ, ಒಂದೊಂದನ್ನೇ ಜಗುಲಿಯ ಮೇಲೆ ಬೋರಲು ಹಾಕಿದಳು. ಸಾವಿನ ಸೂತಕವಿರುವ ಕಡೆ ಕೊಡ ಬೋರಲಾಗಿರುತ್ತದೆ, ಅಲ್ಲಿ ಯಾರೂ ನೀರು ಮುಟ್ಟುವುದಿಲ್ಲ; ಇದು ಆ ಸೀಮೆಯ ರೂಢಿ. ಲಂಬಾಣಿಗರ ನಾಯಕ ಎತ್ತು ನಿಲ್ಲಿಸಿದ.

“ಯಾರು ತೀರಿಕೊಂಡರವ್ವಾ?”

“ನಮ್ಮ ಬಾವಿ, ಕಣಪ್ಪಾ.”

ಅವನು ಎತ್ತುಗಳನ್ನು ತಿರುಗಿಸಿದ. ನೀರಿಲ್ಲವೆಂದು ಅವರಿಂದ ತಿಳಿದ ದಂಡು ಬೇರೆ ದಾರಿ ಹಿಡಿಯಿತು. ದಿಬ್ಬ ಇಳಿದು ಬಂದ ದಳವಾಯಿ ಮಾತ್ರ ತಾನು ಆಡಿದ ಮಾತಿಗೆ ತಪ್ಪಲಿಲ್ಲ. ಗಾದ್ರವ್ವ ಓಡಲಿಲ್ಲ ಎನ್ನುತ್ತಾರೆ; ಓಡುವ ವಯಸ್ಸೂ ಅಲ್ಲ.

ಮಳೆಗಾಲ ಕಳೆದ ಮೇಲೆ ಅದೇ ಲಂಬಾಣಿಗರು ಬಂದು, ಕೆಟ್ಟ ನೀರನ್ನೆಲ್ಲ ಮೊಗೆದು ಚೆಲ್ಲಿ, ಹೂಳು ತೆಗೆದು, ಬಾವಿಗೆ ಕಲ್ಲು ಕಟ್ಟಿದರು. ವೈರಿಯ ಸೀಮೆಯ ಸರಕೂ ಆಮೇಲೆ ಈ ದಾರಿಯಲ್ಲೇ ಬಂತು.

ಆ ಪಾಳೆಗಾರನ ಹೆಸರು ಕೇಳಿದರೆ ಊರ ಹಿರಿಯರು ಈಗ ತಲೆ ಕೆರೆದುಕೊಳ್ಳುತ್ತಾರೆ. ಬಂದವರನ್ನು ಬಾವಿಯ ಪಕ್ಕದ ಹಾಸುಬಂಡೆಯ ಹತ್ತಿರ ಕರೆದೊಯ್ಯುತ್ತಾರೆ. ತಲೆಮಾರುಗಳ ಕಾಲ ಹೇರೆತ್ತುಗಳ ಗೊರಸು ಸವೆಸಿದ ಜಾಡು ಅದರ ಮೇಲೆ ಉದ್ದಕ್ಕೂ ಇದೆ. ಅಂಗೈ ಇಟ್ಟರೆ ಮುಳುಗುತ್ತದೆ.