ಗೀಜಗನ ಅಂಗಡಿ, ಆಮೆಯ ಬಾಯಿ

ಗೂಡು ಕಟ್ಟಿ ಮಾರುವ ಗೀಜಗವೊಂದು ವೆಬ್‌ಸೈಟಿನಲ್ಲಿ ಅಂಗಡಿ ತೆರೆಯಲು ಹೊರಟು, ಸರ್ವರ್ ಕೆಲಸಕ್ಕೆ ಆಮೆಯನ್ನು ಇಟ್ಟುಕೊಂಡಿತು. ಗೀಜಗಕ್ಕೋ ಗಳಿಗೆಗೊಂದು ತಿದ್ದುಪಡಿ. ವೆಬ್‌ಸೈಟಿನ ಕೋಡ್‌ನಲ್ಲಿ ಒಂದಕ್ಷರ ತಿದ್ದಿದರೂ ಆಮೆ ತಲೆ ಒಳಗೆಳೆದುಕೊಂಡು, ಒಂದು ನಿದ್ದೆ ತೆಗೆದೇ ಹೊಸದನ್ನು ತೋರಿಸುತ್ತಿತ್ತು. ಎಡವಟ್ಟಾದರೆ "ಏನೋ ತೊಂದರೆಯಾಗಿದೆ, ಕ್ಷಮಿಸಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು.

"ಏನು ತೊಂದರೆ, ಎಲ್ಲಿ ತೊಂದರೆ, ಬಾಯಿ ಬಿಟ್ಟು ಹೇಳಬಾರದೇ ಆಮೆಯಣ್ಣ?" ಎಂದು ಗೀಜಗ ರೇಗಿತು.

"ನನ್ನ ಸೆಟ್ಟಿಂಗ್ ಇರುವುದೇ ಹಾಗೆ ಯಜಮಾನರೇ. ನೆಂಟರ ಮುಂದೆ ಮನೆಯ ಹುಳುಕು ಆಡಬಾರದು."

"ಇಲ್ಲಿ ಯಾವ ನೆಂಟರು? ಇನ್ನೂ ಒಲೆಯೇ ಹತ್ತಿಲ್ಲ!" ಎಂದ ಗೀಜಗ ಆಮೆಯ ಸೆಟ್ಟಿಂಗನ್ನೇ ಬದಲಿಸಿತು. ಇನ್ನು ಮೇಲೆ ತಿದ್ದಿದ್ದನ್ನು ನಿದ್ದೆ ಮಾಡದೆ ಆಗಲೇ ತೋರಿಸಬೇಕು. ತಪ್ಪು ಕಂಡರೆ ಏನನ್ನೂ ಮುಚ್ಚಿಡಬಾರದು.

ಕೆಲಸ ಸರಸರನೆ ಸಾಗಿತು. ತಪ್ಪಾದ ಸಾಲನ್ನು ಆಮೆ ಬೊಟ್ಟು ಮಾಡಿ ತೋರಿಸುತ್ತಿತ್ತು, ಗೀಜಗ ಹಾಡಿಕೊಂಡು ತಿದ್ದುತ್ತಿತ್ತು. ಆ ಖುಷಿಯಲ್ಲೇ ಅಂಗಡಿಯ ಬಾಗಿಲನ್ನೂ ತೆರೆದುಬಿಟ್ಟಿತು.

ಮೊದಲ ಗಿರಾಕಿಯಾಗಿ ಬಂದದ್ದು ಜನ್ಮದಲ್ಲಿ ಗೂಡು ಕಟ್ಟದ ಕೋಗಿಲೆ. "ಒಂದು ಗೂಡು ಕೊಡಿ" ಎಂದಿತು.

ಆಮೆ ಗಂಟಲು ಸರಿಮಾಡಿಕೊಂಡಿತು. "ಏಳನೇ ಸಾಲಿನಲ್ಲಿ ಯಜಮಾನರು ಲೆಕ್ಕ ತಪ್ಪಿದ್ದಾರೆ. ಗೂಡುಗಳೆಲ್ಲ ಹುಣಸೆಮರದ ಪೊಟರೆಯಲ್ಲಿವೆ. ಅದರ ಬೀಗದ ಕೈ ಇರುವುದು..."

"ಅಯ್ಯೋ, ಸಾಕು ನಿಲ್ಲಿಸು!" ಗೀಜಗ ಹಾರಿಬಂದು ಆಮೆಯ ಬಾಯಿಗೆ ರೆಕ್ಕೆ ಅಡ್ಡ ಹಿಡಿಯಿತು. ಕೋಗಿಲೆ ಬಿದ್ದು ಬಿದ್ದು ನಗುತ್ತಿತ್ತು.

ರೆಕ್ಕೆಯ ಸಂದಿಯಿಂದಲೇ ಆಮೆ ಹೇಳಿತು: "ಬಾಯಿ ಬಿಟ್ಟು ಹೇಳು ಅಂದವರು ನೀವೇ. ನೆಂಟರು ಬಂದರು ಅಂತ ಮಾತ್ರ ಹೇಳಲಿಲ್ಲ."